ಊಟವಾದ ಮೇಲಿನ ಮಾತ್ರೆ

ಅಣ್ಣ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೈ ತೊಳೆಯುತ್ತಿದ್ದ. ತಮ್ಮ ಒಳಗೆ ಏಣಿಯ ಮೇಲಿದ್ದ. ಬಡಗಿಯೊಬ್ಬ ಕೇಳಿದ್ದ ಹಿತ್ತಾಳೆ ಚಿಲಕಗಳ ಡಬ್ಬವನ್ನು ಹೊಟ್ಟೆಗೆ ಅವುಚಿಕೊಂಡು ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಹೊರಗೆ ಏನೋ ಬೆಳ್ಳಗೆ ಕಂಡಂತಾಯಿತು. ಅಣ್ಣನ ಅಂಗೈಯಿಂದ ಒಂದು ಸಣ್ಣ ಮಾತ್ರೆ ನೀರಿನ ಜೊತೆ ಜಾರಿ ಚರಂಡಿಯ ಅಂಚಿನ ಕಲ್ಲಿಗೆ ಅಂಟಿಕೊಂಡಿತು. ಅಣ್ಣ ಅದರ ಮೇಲೆ ಇನ್ನೊಂದಿಷ್ಟು ನೀರು ಸುರಿದ. ಮಾತ್ರೆ ಒಳಗೆ ಹೋಯಿತು.

"ಅಣ್ಣಾ, ಮಾತ್ರೆ ಬಿತ್ತು ನೋಡು," ಎಂದ ತಮ್ಮ.

"ಬೀಳಲಿಲ್ಲ ಕಣೋ. ಬೀಳಿಸಿದೆ."

ಅಣ್ಣ ಪಂಚೆಯಂಚಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು ತನ್ನ ಸ್ಟೂಲಿನ ಮೇಲೆ ಕೂತ. ಬಡಗಿ ಬೀಡಿ ಸೇದಲು ಆಚೆ ಹೋಗಿದ್ದ. ಆದರೂ ಅಣ್ಣ ದನಿ ತಗ್ಗಿಸಿದ.

"ಅದನ್ನ ನುಂಗಿದ್ರೆ ತಲೆ ಮಂಕಾಗುತ್ತೆ. ಒಂದು ಹೆಸರು ಬೇಕು ಅಂದ್ರೆ ಬಾವಿಯಿಂದ ಸೇದಿದ ಹಾಗೆ ಸೇದಬೇಕು. ನಿನ್ನ ತಲೆ ಮಂಕಾದ್ರೆ ಯಾರಿಗೂ ಗೊತ್ತಾಗಲ್ಲ. ನನ್ನ ತಲೆ ಮಂಕಾದ್ರೆ ಈ ಅಂಗಡಿ ಬಾಗಿಲು ಹಾಕ್ಬೇಕು."

"ಡಾಕ್ಟರಮ್ಮ ಅಷ್ಟು ಹೇಳಿದ್ರಲ್ಲ..."

"ಹೇಳೋದು ಅವರ ಕಸುಬು. ನಿಮ್ಮತ್ತಿಗೆ ಹತ್ರ ಬಾಯಿ ಬಿಟ್ಟೆ ಅಂದ್ರೆ ನೋಡು ಮತ್ತೆ." ಅಣ್ಣ ಡಬ್ಬದೊಳಗೆ ಇಣುಕಿದ. "ಏನೋ ಇದು? ಆರಿಂಚಿಂದು ಕೇಳಿದ್ರೆ ನಾಲ್ಕಿಂಚಿಂದು ತಂದಿದ್ದೀಯ. ಪಕ್ಕದ್ದು ಕಣೋ, ಪಕ್ಕದ್ದು! ಹತ್ತು ಮತ್ತೆ."

ತಮ್ಮ ಮತ್ತೆ ಹತ್ತಿದ.

ಅದು ಅವರಪ್ಪ ಇಟ್ಟ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಚಿಲಕ, ನಲ್ಲಿ, ವಾಷರು, ನಟ್ಟು, ಬೋಲ್ಟು, ಎಲ್ಲ ನೆಲದಿಂದ ಸೂರಿನವರೆಗೆ ತಗಡಿನ ಡಬ್ಬಗಳಲ್ಲಿ ತುಂಬಿ ನಿಂತಿದ್ದವು. ಒಂದು ಡಬ್ಬದ ಮೇಲೂ ಏನು ಅಂತ ಬರೆದಿರಲಿಲ್ಲ. ಮದುವೆಗೆ ಮುಂಚೆ ಒಮ್ಮೆ ತಮ್ಮ ಉತ್ಸಾಹದಿಂದ ಚೀಟಿ ಅಂಟಿಸಲು ಶುರುಮಾಡಿದ್ದ. ಅಣ್ಣ ಸಂಜೆ ಬಂದವನೇ ಅವನ್ನೆಲ್ಲ ಕಿತ್ತು, "ಚೀಟಿ ಯಾಕೋ, ನಾನು ಸತ್ತಿದ್ದೀನಾ?" ಎಂದಿದ್ದ. ಅಣ್ಣನ ತಲೆಯಲ್ಲಿ ಎಲ್ಲ ಇತ್ತು. ಗಿರಾಕಿ ಬಾಗಿಲಲ್ಲಿ ನಿಂತು ಅರ್ಧ ಮಾತಾಡುವಷ್ಟರಲ್ಲಿ ಅಣ್ಣ ಸ್ಟೂಲಿನಿಂದ ಏಳದೆ, ತಿರುಗಿಯೂ ನೋಡದೆ, "ಎಡಗಡೆ, ಮೇಲಿಂದ ಮೂರನೇ ಸಾಲು, ಮೂಲೆ" ಎನ್ನುತ್ತಿದ್ದ. ಎರಡು ವರ್ಷದ ಹಿಂದೆ ಯಾರ ಮನೆಗೆ ಎಂಥ ನಲ್ಲಿ ಕೊಟ್ಟಿದ್ದೆ ಎಂಬುದನ್ನೂ ಹೇಳುತ್ತಿದ್ದ. ಬಡಗಿಗಳು, ಪ್ಲಂಬರುಗಳು ಅವನನ್ನು "ಬಾಯಿಪಾಠದ ಯಜಮಾನ್ರು" ಎಂದು ಕರೆಯುತ್ತಿದ್ದರು. ತಮ್ಮನನ್ನು ಕರೆಯುತ್ತಿದ್ದುದು "ಏಣಿ" ಎಂದು. ಮೊದಮೊದಲು ಬೆನ್ನ ಹಿಂದೆ, ಆಮೇಲಾಮೇಲೆ ಎದುರಿಗೇ. ಅವನಿಗೆ ಅರವತ್ತು ದಾಟಿ, ಕೂದಲೆಲ್ಲ ಬೆಳ್ಳಗಾಗಿ, ಮಗಳ ಮದುವೆಯೂ ಆಗಿತ್ತು. ಆದರೂ "ಏಣೀ, ಒಂದು ಕೊಕ್ಕೆ ಇಳಿಸಿ" ಎನ್ನುವವರಿಗೆ ಬರವಿರಲಿಲ್ಲ.

ಅಣ್ಣನಿಗೆ ರಕ್ತದೊತ್ತಡ ಜಾಸ್ತಿಯಿದೆ ಎಂದು ಗೊತ್ತಾದದ್ದು ಅಕಸ್ಮಾತ್ತಾಗಿ. ಕಣ್ಣು ತೋರಿಸಲು ಹೋದವನನ್ನು ಇನ್ನೊಂದು ಕೋಣೆಗೆ ಕಳಿಸಿದ್ದರು. ಅಲ್ಲಿದ್ದ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಬಿಚ್ಚಿ, ನಂಬಿಕೆ ಬಾರದೆ ಮತ್ತೆ ಸುತ್ತಿದರು. ತಮ್ಮ ಜೊತೆಗಿದ್ದ. "ದಿನಾ ಒಂದು ಮಾತ್ರೆ, ತಪ್ಪಿಸಬಾರದು. ಕೂತಲ್ಲೇ ಕೂರಬಾರದು, ನಡೀಬೇಕು. ಉಪ್ಪು ಕಮ್ಮಿ," ಎಂದರು ಡಾಕ್ಟರಮ್ಮ. "ಎದೆಗೊಂದೇ ಅಲ್ಲ ಯಜಮಾನ್ರೇ, ತಲೆಗೂ ಇದೇ ಔಷಧಿ. ರಕ್ತನಾಳ ಕೆಟ್ಟರೆ ನೆನಪೂ ಕೆಡುತ್ತೆ." ಅಣ್ಣ ದಾರಿಯುದ್ದಕ್ಕೂ ನಕ್ಕಿದ್ದ. "ಎದೆಗೂ ತಲೆಗೂ ಏನೋ ಸಂಬಂಧ? ನಲ್ಲಿ ಕೆಟ್ಟರೆ ದೀಪ ಆರಿಹೋಗುತ್ತೇನೋ?" ಮೊದಲ ವಾರ ಮಾತ್ರೆ ನುಂಗಿದ. ಎದ್ದಾಗ ತಲೆ ತಿರುಗಿದಂತಾಯಿತಂತೆ. ಒಬ್ಬ ಹಳೇ ಗಿರಾಕಿಯ ಹೆಸರು ಥಟ್ಟನೆ ಬಾಯಿಗೆ ಬರಲಿಲ್ಲವಂತೆ. ಅಷ್ಟೇ, ಮಾತ್ರೆಗೂ ಚರಂಡಿಗೂ ನಂಟು ಬೆಳೆಯಿತು. ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗು ಎಂದರೆ, "ಅಂಗಡಿ ನಿಮ್ಮಪ್ಪ ನೋಡ್ಕೋತಾನಾ?" ಎನ್ನುತ್ತಿದ್ದ. ಇಬ್ಬರಿಗೂ ಒಬ್ಬನೇ ಅಪ್ಪ, ಸತ್ತು ಯಾವುದೋ ಕಾಲವಾಗಿತ್ತು.

ಮಾತ್ರೆಯನ್ನು ಅತ್ತಿಗೆ ಊಟದ ಕ್ಯಾರಿಯರಿನ ಮೇಲಿನ ಬಟ್ಟಲಲ್ಲಿ, ಪುಟ್ಟ ಸ್ಟೀಲು ಡಬ್ಬಿಯೊಳಗೆ ಇಟ್ಟು ಕಳಿಸುತ್ತಿದ್ದಳು. ಸಂಜೆ ಖಾಲಿ ಕ್ಯಾರಿಯರ್ ಹಿಂತಿರುಗಿಸುವ ಕೆಲಸ ತಮ್ಮನದು. ಅವನ ಮನೆಗೆ ಹೋಗುವ ದಾರಿಯಲ್ಲೇ ಅಣ್ಣನ ಮನೆ. ಅತ್ತಿಗೆ ಬಾಗಿಲಲ್ಲೇ ನಿಂತು ಕ್ಯಾರಿಯರ್ ಇಸಿದುಕೊಂಡು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಮಾತ್ರೆ ತಗೊಂಡ್ರಾ ಅಪ್ಪಾ?" ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಮೀಸೆ ಮೂಡಿರಲಿಲ್ಲ. ಅವನು ಜ್ವರದಲ್ಲಿ ಮಲಗಿದ್ದಾಗ ಗಂಜಿ ಕುಡಿಸಿದವಳು ಅವಳೇ. ಅವಳಿಗೆ ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಚರಂಡಿಯ ಸಂಗತಿ ಕಣ್ಣಿಗೆ ಬಿದ್ದ ದಿನ ಅವನು ಕೇಳಿಸದವನಂತೆ ಚಪ್ಪಲಿ ಸರಿಮಾಡಿಕೊಂಡು ಹೊರಟುಬಿಟ್ಟ. ಮಾರನೆಯ ದಿನವೂ ಹಾಗೇ ಜಾರಿಕೊಂಡ. ಮೂರನೆಯ ದಿನ, ಇವತ್ತು ಹೇಳಿಯೇ ಬಿಡಬೇಕು, ಅಣ್ಣ ಬೈದರೆ ಬೈಯಲಿ ಎಂದು ನಿರ್ಧರಿಸಿಕೊಂಡೇ ಅಂಗಡಿಗೆ ಬಂದಿದ್ದ.

ಅವತ್ತೇ ತಮ್ಮನ ಅಳಿಯ ಬಂದ. ಮದುವೆಯಾದ ಮೇಲೆ ಮೊದಲ ಸಲ ಮಾವನ ಅಂಗಡಿ ನೋಡಲು ಬಂದವನು. ಒಳ್ಳೆಯ ಷರಟು ಹಾಕಿಕೊಂಡು, ಎಲ್ಲಿ ಕೂರುವುದೆಂದು ತೋಚದೆ ನಿಂತಿದ್ದ. ತಮ್ಮ ಸೂರಿನ ಹತ್ತಿರವಿದ್ದ. ಎರಡು ಕೈಯಲ್ಲೂ ಡಬ್ಬ, ಮುಖದ ತುಂಬ ಧೂಳು. ಅಳಿಯ ತಲೆಯೆತ್ತಿ ನೋಡಿದ. ಅಣ್ಣ ಅವನನ್ನು ಬಾಯಿತುಂಬ ಸ್ವಾಗತಿಸಿ, ಕಾಫಿ ತರಿಸಿ, ತೊಡೆ ತಟ್ಟಿ ಹೇಳಿದ:

"ನೋಡ್ಕೊಳ್ಳಿ ಅಳಿಯಂದಿರೇ, ನಿಮ್ಮ ಮಾವನ್ನ. ಏಣಿ ಮೇಲಿದ್ದಾಗ ಮಾತ್ರ ಇವನು ನನಗಿಂತ ದೊಡ್ಡೋನು. ಇಳಿದ ಅಂದ್ರೆ ಮುಗೀತು!"

ಬಾಗಿಲಲ್ಲಿದ್ದ ಪ್ಲಂಬರು ನಕ್ಕ. ಅಳಿಯನೂ ನಕ್ಕ. ಪಾಪ, ಅವನಿಗೆ ನಗದೆ ಬೇರೆ ದಾರಿಯಿರಲಿಲ್ಲ. ಆದರೆ ಆ ನಗುವಿನ ಕೊನೆಯಲ್ಲಿ ಅವನು ಮಾವನ ಮುಖದಿಂದ ಕಣ್ಣು ತಪ್ಪಿಸಿದ್ದು ತಮ್ಮನಿಗೆ ಮೇಲಿನಿಂದ ಚೆನ್ನಾಗಿಯೇ ಕಂಡಿತು. ಕೆಳಗಿಳಿದು ಬಂದವನು ಕಾಫಿ ಮುಟ್ಟಲಿಲ್ಲ. ಊಟವಾದ ಮೇಲೆ ಅಣ್ಣ ಕೈ ತೊಳೆಯಲು ಹೋದಾಗ ಅವನು ಬೇಕೆಂದೇ ಆ ಕಡೆ ತಿರುಗಿ ನಿಂತು ನೋಡಿದ. ನೀರು, ಅಂಗೈ, ಬಿಳಿ ಚುಕ್ಕೆ, ಚರಂಡಿ.

ಸಂಜೆ ಅತ್ತಿಗೆ ಕೇಳಿದಳು. "ಮಾತ್ರೆ ತಗೊಂಡ್ರಾ ಅಪ್ಪಾ?"

"ತಗೊಂಡ ಅತ್ತಿಗೆ," ಎಂದ.

ಎಷ್ಟು ಸಲೀಸಾಗಿ ಬಂತು ಆ ಮಾತು! ಆಮೇಲೆ ಅದು ಕ್ಯಾರಿಯರಿನ ಜೊತೆಗೆ ಒಪ್ಪಿಸುವ ಇನ್ನೊಂದು ಬಟ್ಟಲಾಯಿತು. ಅವಳು ಕೇಳುವುದು, ಅವನು ಹೇಳುವುದು. "ನೀನೊಬ್ಬ ಜೊತೆಗಿದ್ದೀಯ ಅಂತ ನನಗೆ ನೆಮ್ಮದಿ" ಎಂದು ಅವಳು ಎಷ್ಟೋ ಸಲ ಹೇಳಿದಳು. ಮನೆಗೆ ನಡೆಯುವಾಗ ಅವನು ತನ್ನೊಳಗೇ ವಾದ ಹೂಡುತ್ತಿದ್ದ. ಬಾಯಿ ಬಿಡಬೇಡ ಅಂದವನು ಅಣ್ಣನೇ ತಾನೆ? ಹುಟ್ಟಿದಾಗಿನಿಂದ ಅವನು ಹೇಳಿದ್ದನ್ನೆಲ್ಲ ಕೇಳಿದ್ದೇನೆ. ಹತ್ತು ಅಂದರೆ ಹತ್ತಿದ್ದೇನೆ, ಇಳಿ ಅಂದರೆ ಇಳಿದಿದ್ದೇನೆ. ಇದೊಂದನ್ನು ಮಾತ್ರ ಯಾಕೆ ಮೀರಲಿ? ವಾದದಲ್ಲಿ ದಿನವೂ ಅವನೇ ಗೆಲ್ಲುತ್ತಿದ್ದ. ಎದುರಾಳಿಯೇ ಇಲ್ಲದ ವಾದ.

ಒಂದು ವರ್ಷಕ್ಕೂ ಮೇಲೆ ಏನೂ ಆಗಲಿಲ್ಲ. ಅಣ್ಣ ಗಟ್ಟಿಯಾಗಿಯೇ ಇದ್ದ. ಕರಿದ ತಿಂಡಿಯ ಪೊಟ್ಟಣ ಸ್ಟೂಲಿನ ಪಕ್ಕದಲ್ಲೇ ಇರುತ್ತಿತ್ತು. ಗದರಿಕೆಗೂ ಕೊರತೆಯಿರಲಿಲ್ಲ. ಒಂದು ಬೆಳಿಗ್ಗೆ ಪ್ಲಂಬರು ಬಂದು ನಲ್ಲಿಯೊಳಗಿನ ರಬ್ಬರು ವಾಷರು ಕೇಳಿದ. ಅಣ್ಣ ಎಂದಿನಂತೆ ಕೈಯೆತ್ತಿದ. ಕೈ ಗಾಳಿಯಲ್ಲೇ ನಿಂತಿತು.

"ಅದೇ... ಅದು ಕಣೋ... ದುಂಡಗೆ ಇರುತ್ತಲ್ಲ, ಕರ್ರಗೆ..."

ತಮ್ಮ ಏಣಿಯ ಅರ್ಧದಲ್ಲಿದ್ದ. ವಾಷರಿನ ಡಬ್ಬ ಎಲ್ಲಿದೆಯೆಂದು ಅವನ ಕೈಗೆ ಗೊತ್ತಿತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಅವನು ಚಾಚಲಿಲ್ಲ. "ಎಲ್ಲಿದೆ ಅಣ್ಣಾ? ಹೇಳು, ಇಳಿಸ್ತೀನಿ," ಎಂದು ಕೆಳಗೆ ನೋಡುತ್ತಾ ಕಾದ. ಅಣ್ಣನ ಹಣೆಯಲ್ಲಿ ಬೆವರು ಮೂಡಿತು. ಪ್ಲಂಬರು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದ. ಬಹಳ ಹೊತ್ತಲ್ಲ, ಉಗುಳು ನುಂಗುವಷ್ಟು ಹೊತ್ತು. ಆಮೇಲೆ ಅಣ್ಣನಿಗೆ ನೆನಪಾಯಿತು. ಆದರೆ ಆ ಹೊತ್ತಿನ ರುಚಿಯನ್ನು ತಮ್ಮ ದಿನವಿಡೀ ಬೆಲ್ಲದ ಚೂರಿನಂತೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಚೀಪಿದ.

ಮತ್ತೆ ಇನ್ನೊಂದು ಸಲ, ಮತ್ತೊಂದು ಸಲ. ಅಣ್ಣ ಕೊಕ್ಕೆಗೆ ಮೊಳೆ ಎಂದ, ಬಲಕ್ಕೆ ಎಡ ಎಂದ. ತಪ್ಪಾದಾಗಲೆಲ್ಲ ತಮ್ಮನ ಮೇಲೆ ಹರಿಹಾಯ್ದ: "ನೀನೇ ಜಾಗ ಬದಲಾಯಿಸಿದ್ದೀಯ, ಕಳ್ಳ!" ಗಿರಾಕಿಗಳು ಮೆಲ್ಲಗೆ ಯಜಮಾನನನ್ನು ದಾಟಿ ಏಣಿಯ ಬುಡಕ್ಕೆ ಬರತೊಡಗಿದರು. "ನೀವೇ ಕೊಟ್ಬಿಡಿ, ಅವರಿಗ್ಯಾಕೆ ತೊಂದರೆ," ಎಂದು ಪಿಸುಗುಟ್ಟುತ್ತಿದ್ದರು. ಯಾರೂ ಈಗ ಏಣಿ ಎನ್ನುತ್ತಿರಲಿಲ್ಲ. ಒಬ್ಬಿಬ್ಬರು "ಯಜಮಾನ್ರೇ" ಎಂದೂ ಅಂದುಬಿಟ್ಟರು. ಅದು ಕಿವಿಗೆ ಬಿದ್ದು ಅಣ್ಣ "ಏನು?" ಎಂದು ತಿರುಗಿದರೆ, ಅವರು ಬೇರೆ ಕಡೆ ನೋಡುತ್ತಿದ್ದರು.

ತಮ್ಮನ ಖುಷಿಗೆ ಮಣ್ಣು ಬಿದ್ದದ್ದು ಒಂದು ಮಧ್ಯಾಹ್ನ. ಬ್ಯಾಂಕಿಗೆ ಹೋಗಿದ್ದ ಅಣ್ಣ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ, ಬೀದಿಯ ಆ ತುದಿಯಲ್ಲಿ ಮುಚ್ಚಿದ್ದ ಒಂದು ಬಟ್ಟೆ ಅಂಗಡಿಯ ಮುಂದೆ ಕೂತು, ತನ್ನ ಅಂಗಡಿಯ ಬೀಗದ ಕೈಯನ್ನು ಅದರ ಬೀಗಕ್ಕೆ ತುರುಕುತ್ತಿದ್ದ. ಬೆರಳು ತರಚಿ ರಕ್ತ ಬಂದಿತ್ತು. "ತುಕ್ಕು ಹಿಡಿದಿದೆ ಕಣೋ," ಎಂದ ಅಣ್ಣ. "ಅಪ್ಪ ಬಂದ್ರೆ ಬೈತಾನೆ. ಬೇಗ ಎಣ್ಣೆ ತಾ." ತಮ್ಮ ಬೀಗದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಅಣ್ಣ ತಲೆ ತಗ್ಗಿಸಬೇಕೆಂದು ಅವನು ಆಸೆಪಟ್ಟಿದ್ದ. ಆ ತಲೆಯೇ ಇಲ್ಲವಾಗಲಿ ಎಂದು ಬಯಸಿರಲಿಲ್ಲ. ಬಯಸಿದ್ದೆನೇ? ಆ ಪ್ರಶ್ನೆಯ ಹತ್ತಿರ ಹೋಗುವ ಧೈರ್ಯ ಅವನಿಗಿರಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ ಅವನೇ ಲೋಟದಲ್ಲಿ ನೀರು ತಂದ. ಸ್ಟೀಲು ಡಬ್ಬಿ ತೆರೆದು ಮಾತ್ರೆಯನ್ನು ಅಣ್ಣನ ಅಂಗೈಯಲ್ಲಿಟ್ಟ. ಜಗಳವಾಗುತ್ತದೆ, ಬೈಗುಳ ಬೀಳುತ್ತದೆ ಎಂದು ಮೈಯೆಲ್ಲ ಬಿಗಿಹಿಡಿದು ನಿಂತಿದ್ದ.

"ಇದೇನು?" ಎಂದ ಅಣ್ಣ.

"ಮಾತ್ರೆ. ನುಂಗು."

ಅಣ್ಣ ಮರುಮಾತಿಲ್ಲದೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ನುಂಗಿದ್ದೇನೆ ನೋಡು ಎನ್ನುವಂತೆ ಬಾಯಿ ತೆರೆದು ತೋರಿಸಿದ. ಆ ಹೊತ್ತು ತಮ್ಮ ಬಾಗಿಲಾಚೆ ಹೋಗಿ, ಚರಂಡಿಯ ಪಕ್ಕ ನಿಂತು, ಬಾಯಿಗೆ ಟವೆಲು ಒತ್ತಿಕೊಂಡ.

ಅತ್ತಿಗೆಗೆ ಹೇಳಿ, ಅವತ್ತೇ ಡಾಕ್ಟರಮ್ಮನ ಹತ್ತಿರ ಓಡಬಹುದಿತ್ತು. ಆದರೆ ಹೇಳುವುದಾದರೆ ಎಲ್ಲಿಂದ ಹೇಳುವುದು? ಇವತ್ತಿನದನ್ನು ಹೇಳಿದರೆ ನಿನ್ನೆಯದು ಬಾಯಿ ತೆರೆಯುತ್ತದೆ, ನಿನ್ನೆಯದರ ಹಿಂದೆ ಇಷ್ಟೂ ದಿನಗಳು ಸಾಲುಗಟ್ಟಿ ನಿಂತಿವೆ. ಇನ್ನು ಮೇಲೆ ದಿನವೂ ಕೈಯಾರೆ ಕೊಡುತ್ತೇನಲ್ಲ, ಸರಿಹೋಗುತ್ತದೆ ಎಂದುಕೊಂಡ. ಹಾಗೆ ಕೊಟ್ಟದ್ದು ಎರಡೇ ವಾರ. ಒಂದು ಬೆಳಿಗ್ಗೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಅಣ್ಣ ಏನೋ ಹೇಳಲು ಬಾಯಿ ತೆರೆದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಸ್ಟೂಲಿನಿಂದ ಮೆಲ್ಲಗೆ, ಯಾರೋ ಹಿಡಿದು ಮಲಗಿಸಿದಂತೆ, ಮೊಳೆಯ ಚೀಲದ ಮೇಲೆ ವಾಲಿಕೊಂಡ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ. ಬೆಳಕಿನ ಹಲಗೆಯ ಮೇಲೆ ತಲೆಯ ಚಿತ್ರ ಸಿಕ್ಕಿಸಿ ತೋರಿಸಿದರು. ಅಲ್ಲಲ್ಲಿ ಚುಕ್ಕೆಗಳಿದ್ದವು. "ಇದು ಇವತ್ತಿನದು," ಎಂದು ಒಂದರ ಮೇಲೆ ಬೆರಳಿಟ್ಟರು. "ಇವೆಲ್ಲ ಹಳೆಯವು. ಮೆದುಳಿನೊಳಗೆ ಕೂದಲೆಳೆಯಂಥ ರಕ್ತನಾಳಗಳಿರುತ್ತವೆ. ಒತ್ತಡ ತಡೆಯಲಾರದೆ ಒಂದೊಂದಾಗಿ ಮುಚ್ಚಿಹೋಗಿವೆ. ಹೊರಗೆ ಗೊತ್ತಾಗಲ್ಲ. ಮರೆವು, ಸಿಡುಕು, ದಾರಿ ತಪ್ಪೋದು, ಹೀಗೆ." ಆಮೇಲೆ ಅತ್ತಿಗೆಯ ಕಡೆ ತಿರುಗಿದರು. "ಮಾತ್ರೆ ಸರಿಯಾಗಿ ತಗೋತಿದ್ರಾ?"

ಅತ್ತಿಗೆ ಮೈದುನನನ್ನು ನೋಡಿದಳು. ಅನುಮಾನದಿಂದಲ್ಲ, ಸಾಕ್ಷಿಗಾಗಿ.

"ತಗೋತಿದ್ದ. ನಾನೇ ಕೈಯಾರೆ ಕೊಡ್ತಿದ್ದೆ," ಎಂದ ತಮ್ಮ. ಅದರಲ್ಲಿ ಸುಳ್ಳಿರಲಿಲ್ಲ.

"ಕೆಲವರಿಗೆ ಮಾತ್ರೆಯೂ ನಾಟೋದಿಲ್ಲ," ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಇದು ಮನೆತನದಲ್ಲಿ ಬರೋದು. ನೀವೂ ತೋಳು ಕೊಡಿ." ಅವನ ತೋಳಿಗೆ ಪಟ್ಟಿ ಸುತ್ತಿದರು, ಎದೆಗೆ ಕೊಳವೆಯಿಟ್ಟು ಕೇಳಿದರು. ಕೇಳಿ ಮುಗಿಸಿ ಮೊದಲ ಸಲ ನಕ್ಕರು. "ಹುಡುಗನ ಎದೆ ಇದ್ದ ಹಾಗಿದೆಯಲ್ಲ! ಏನು ಕೆಲಸ ಮಾಡ್ತೀರಿ?"

"ಅಂಗಡೀಲಿ... ಏಣಿ ಹತ್ತಿ ಇಳೀತೀನಿ."

"ಅದೇ ನೋಡಿ ನಿಮ್ಮನ್ನ ಕಾಪಾಡಿರೋದು. ಹತ್ತಿಸಿದ ಪುಣ್ಯಾತ್ಮ ಯಾರೋ!"

ಪುಣ್ಯಾತ್ಮ ಪಕ್ಕದ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದ್ದ.

ಅಣ್ಣ ಉಳಿದ. ಬಾಯಿಯ ಸೊಟ್ಟ ಸುಮಾರಾಗಿ ಸರಿಯಾಯಿತು, ಕಾಲೆಳೆದುಕೊಂಡು ನಡೆಯುವಷ್ಟಾದ. ಅವನ ಸಿಟ್ಟು ಮಾತ್ರ ಎಲ್ಲಿ ಬಿದ್ದುಹೋಯಿತೋ, ತಿರುಗಿ ಬರಲಿಲ್ಲ. ತಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತ. ಎಲ್ಲರೂ ಯಜಮಾನ್ರೇ ಎಂದರು. ಡಬ್ಬಗಳಿಗೆ ಅವನ ಇಷ್ಟದಂತೆ ಚೀಟಿ ಬಂತು. ಎಲ್ಲ ಅಂಟಿಸಿ ಮುಗಿಸಿದ ದಿನ ಅವನು ಅಣ್ಣನನ್ನು ಕರೆತಂದು ನಿಲ್ಲಿಸಿ, "ನೋಡು," ಎಂದ. ಅಣ್ಣ ಸಾಲುಸಾಲು ಚೀಟಿಗಳನ್ನು ಬೆರಗಿನಿಂದ ನೋಡಿದ. "ಎಷ್ಟು ಚೆನ್ನಾಗಿದೆ! ನೀವೇ ಮಾಡಿದ್ದಾ?" ಎಂದ.

ನೀವು. ಬದುಕಿನಲ್ಲಿ ಮೊದಲ ಸಲ ಅಣ್ಣ ಅವನನ್ನು ಬಹುವಚನದಲ್ಲಿ ಕರೆದಿದ್ದ. ಅದಕ್ಕಾಗಿ ಒಂದು ಕಾಲದಲ್ಲಿ ಅವನು ಏನನ್ನು ಕೊಡಲೂ ಸಿದ್ಧನಿದ್ದ. ಈಗ ಅದು ಯಾರದೋ ಮನೆಗೆ ಹೋಗಬೇಕಾದ ಕಾಗದ ತಪ್ಪಿ ತನ್ನ ಕೈಗೆ ಬಂದಂತಿತ್ತು. ಗೆದ್ದೆ ಎಂದು ತೋರಿಸಬೇಕಾದವನೇ ಇಲ್ಲದ ಮೇಲೆ ಯಾರ ಎದುರಿಗೆ ಗೆಲ್ಲುವುದು? "ಏಣಿ ಮೇಲಿದ್ದಾಗ ಮಾತ್ರ ದೊಡ್ಡೋನು" ಎಂಬ ಮಾತು ಈ ಲೋಕದಲ್ಲಿ ಈಗ ಅವನೊಬ್ಬನ ಹತ್ತಿರ ಮಾತ್ರ ಉಳಿದಿತ್ತು. ಆಡಿದವನು ಕೈ ತೊಳೆದುಕೊಂಡಿದ್ದ.

ಅಂಗಡಿಯಲ್ಲಿ ಇಬ್ಬರೇ ಇದ್ದ ಒಂದು ಮಧ್ಯಾಹ್ನ ಅವನು ಹೇಳಿಬಿಟ್ಟ. "ಅಣ್ಣಾ, ನೀನು ಮಾತ್ರೆ ಚರಂಡಿಗೆ ಹಾಕ್ತಿದ್ದೆ. ನನಗೆ ಗೊತ್ತಿತ್ತು. ಅತ್ತಿಗೆಗೆ ಹೇಳಲಿಲ್ಲ. ಬೇಕು ಅಂತಲೇ ಹೇಳಲಿಲ್ಲ."

ಅಣ್ಣ ಗಮನವಿಟ್ಟು ಕೇಳಿದ. ಏನೋ ದೊಡ್ಡ ವಿಷಯ ಎಂಬುದಷ್ಟೇ ತಿಳಿದವನಂತೆ ತಲೆಯಾಡಿಸಿದ. "ಹೋಗ್ಲಿ ಬಿಡಿ," ಎಂದು ತಮ್ಮನ ಮೊಣಕೈ ಮುಟ್ಟಿದ. "ನೀವು ಒಳ್ಳೆಯವರು. ನಮ್ಮ ಮನೇಲೂ ಒಬ್ಬ ತಮ್ಮ ಇದಾನೆ. ಹುಡುಗ. ತಲೆ ಸ್ವಲ್ಪ ಮಂದ, ಆದ್ರೆ ಬಹಳ ನಿಯತ್ತಿನವನು."

ಅತ್ತಿಗೆಗೆ ಮಾತ್ರ ಅವನು ಇನ್ನೂ ಹೇಳಿಲ್ಲ. ಅವಳು ಸೊರಗಿದ್ದಾಳೆ. ಕಂಡವರೆದುರೆಲ್ಲ, "ಮೈದುನ ಅಂದ್ರೆ ಇವನ ಥರ ಇರಬೇಕು. ಆ ದಿನಗಳಲ್ಲಿ ಒಂದು ದಿನಾನೂ ಮಾತ್ರೆ ತಪ್ಪಿಸದ ಹಾಗೆ ನೋಡ್ಕೊಂಡ. ಹಣೇಲಿ ಬರೆದಿರಲಿಲ್ಲ ಅಷ್ಟೇ," ಎನ್ನುತ್ತಾಳೆ. ಅವನು ನೆಲ ನೋಡುತ್ತಾನೆ. ಎಂಥ ವಿನಯ ಎಂದುಕೊಳ್ಳುತ್ತಾರೆ ಜನ.

ಭಾನುವಾರ ಅಂಗಡಿಗೆ ರಜೆ. ಅವತ್ತು ಅವನೇ ಅಣ್ಣನನ್ನು ಕ್ಷೌರಕ್ಕೆ ಕರೆದುಕೊಂಡು ಹೋಗುತ್ತಾನೆ. ಕಳೆದ ವಾರ ಕುರ್ಚಿಯ ಹಿಂದೆ ಹೊಸಬನೊಬ್ಬ ಇದ್ದ. ಅಣ್ಣನ ಕತ್ತಿಗೆ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚುತ್ತಾ ಮಾತಿಗೆ ಎಳೆದ. "ಅಣ್ಣತಮ್ಮಂದಿರಾ? ಮೂಗು ನೋಡಿದ್ರೇನೇ ಗೊತ್ತಾಗುತ್ತೆ. ಇಬ್ಬರಲ್ಲಿ ದೊಡ್ಡೋರು ಯಾರು?"

"ಇವರು," ಎಂದು ಅಣ್ಣ ಬಟ್ಟೆಯೊಳಗಿಂದ ಕೈ ತೆಗೆದು ತಮ್ಮನನ್ನು ತೋರಿಸಿದ. "ನಮ್ಮಣ್ಣ. ನನ್ನ ಕೈ ಬಿಡೋದಿಲ್ಲ."

ತಮ್ಮ ತಿದ್ದಲಿಲ್ಲ. ಹೊಸಬ ಕತ್ತಿಯನ್ನು ಉಜ್ಜಿ ಹರಿತ ಮಾಡಿಕೊಂಡು ಬರುವಷ್ಟರಲ್ಲಿ ಅಣ್ಣನಿಗೆ ಜೋಂಪು ಹತ್ತಿ ತಲೆ ವಾಲಿತು.

"ಸ್ವಲ್ಪ ಹಿಡ್ಕೊಳ್ಳಿ ಸಾರ್, ಗಂಟಲ ಹತ್ರ ಇದೆ, ಅಲ್ಲಾಡಿದ್ರೆ ಕಷ್ಟ."

ತಮ್ಮ ಎದ್ದು ಕುರ್ಚಿಯ ಹಿಂದೆ ನಿಂತು, ಎರಡೂ ಅಂಗೈಗಳ ನಡುವೆ ಆ ತಲೆಯನ್ನು ತೆಗೆದುಕೊಂಡ. ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ದವಡೆಯ ಕೆಳಗೆ ಅವನ ಬೆರಳ ತುದಿಗೆ ನಾಡಿ ಸಿಕ್ಕಿತು. ನೊರೆಯ ಅಡಿಯಲ್ಲಿ, ಬಿಸಿ ಚರ್ಮದೊಳಗೆ, ಅದು ಅವಸರವಿಲ್ಲದೆ, ಒಂದೇ ಸಮನೆ ಬಡಿಯುತ್ತಿತ್ತು. ಕತ್ತಿ ಗಲ್ಲದ ಕೆಳಗಿಂದ ಮೇಲಕ್ಕೆ ಸರಿಯಿತು. ಅವನು ಕೈ ಅಲುಗಿಸದೆ, ಉಸಿರು ಹಿಡಿದು ನಿಂತಿದ್ದ.